ಎಂಜಿನ್ನಿಗೊಂದು ಮೂರಿಂಚಿನ ತೂತು

ಅಮೆರಿಕದ ಒಂದು ಶಾಲಾ ಮಂಡಳಿ ಕೇಂದ್ರ ಸರ್ಕಾರದ ಹಣದಲ್ಲಿ ಎಲೆಕ್ಟ್ರಿಕ್ ಬಸ್ ತರಿಸಿಕೊಂಡರೆ, ಅದಕ್ಕೆ ಪ್ರತಿಯಾಗಿ ತನ್ನ ಹಳೆಯ ಡೀಸೆಲ್ ಬಸ್ಸೊಂದನ್ನು ಸಾಯಿಸಬೇಕು. ಗುಜರಿಗೆ ಹಾಕಿದೆವು ಎಂದು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಎಂಜಿನ್ ಬ್ಲಾಕಿಗೆ ಮೂರು ಇಂಚಿನ ತೂತು ಕೊರೆಯಬೇಕು. ಷಾಸಿಯ ಉಕ್ಕಿನ ಪಟ್ಟಿಗಳನ್ನು ಎರಡೂ ಬದಿ ಕತ್ತರಿಸಬೇಕು. ಎರಡಕ್ಕೂ ಫೋಟೊ ತೆಗೆದು ಕಡತಕ್ಕೆ ಸೇರಿಸಬೇಕು. 2010ರ ಅಥವಾ ಅದಕ್ಕೂ ಹಿಂದಿನ ಮಾದರಿಯ ಡೀಸೆಲ್ ಬಸ್ಸುಗಳಿಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಹಾಕಿರುವ ಷರತ್ತು ಇದು.

ಇಷ್ಟು ಹಟ ಯಾಕೆಂದರೆ ಹಳೆಯ ಬಸ್ಸಿಗೆ ಸುಲಭಕ್ಕೆ ಸಾವಿಲ್ಲ. ಒಂದು ಊರಿನ ಶಾಲೆ ಬಿಟ್ಟದ್ದನ್ನು ಇನ್ನೊಂದು ಊರಿನ ಚರ್ಚು ಕೊಳ್ಳುತ್ತದೆ. ಅದೂ ಬೇಡವೆಂದದ್ದು ಗಡಿ ದಾಟಿ ಗ್ವಾಟೆಮಾಲಾ ಸೇರಿ, ಕಣ್ಣು ಕುಕ್ಕುವ ಬಣ್ಣ ಬಳಿಸಿಕೊಂಡು, ತಲೆಯ ಮೇಲೆ ಮೂಟೆ ಹೊತ್ತು ಇನ್ನಷ್ಟು ವರ್ಷ ಹೊಗೆ ಉಗುಳುತ್ತದೆ. ಸರ್ಕಾರ ಕೊಟ್ಟ ದುಡ್ಡಿನಿಂದ ಹೊಸ ಬಸ್ಸು ಬಂತು, ಹಳೆಯದೂ ಎಲ್ಲೋ ಓಡುತ್ತಲೇ ಇದೆ ಎಂದಾದರೆ ಒಟ್ಟು ಹೊಗೆಯಲ್ಲಿ ಇಳಿದದ್ದೇನು? ಶಾಲಾ ಬಸ್ಸುಗಳನ್ನು ವಿದ್ಯುತ್ತಿಗೆ ಬದಲಿಸುವ ನೀತಿಗಳ ಬಗ್ಗೆ ಓದುವಾಗ ಎಲ್ಲರ ಕಣ್ಣೂ ಹೊಸ ಬಸ್ಸಿನ ಮೇಲಿರುತ್ತದೆ. ನನಗೆ ಹೆಚ್ಚು ಬುದ್ಧಿವಂತಿಕೆ ಕಂಡದ್ದು ಈ ತೂತಿನಲ್ಲಿ.

ಅಮೆರಿಕದ ಶಾಲಾ ಬಸ್ ವ್ಯವಸ್ಥೆಯ ಗಾತ್ರ ನಮಗೆ ಥಟ್ಟನೆ ಅಂದಾಜಿಗೆ ಸಿಗುವಂಥದ್ದಲ್ಲ. ಸುಮಾರು 4.8 ಲಕ್ಷ ಬಸ್ಸುಗಳು, ದಿನಕ್ಕೆ ಸುಮಾರು ಎರಡೂವರೆ ಕೋಟಿ ಮಕ್ಕಳು. ಆ ದೇಶದ ಅಷ್ಟೂ ನಗರ ಸಾರಿಗೆ ಬಸ್ಸುಗಳನ್ನು ಒಟ್ಟು ಹಾಕಿದರೂ ಇದರ ಸಮೀಪಕ್ಕೆ ಬರುವುದಿಲ್ಲ. ಬಸ್ಸಿನ ಹಳದಿ ಬಣ್ಣ ನಿಗದಿಯಾದದ್ದು 1939ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರ್ಯಾಂಕ್ ಸೈರ್ ಎಂಬ ಶಿಕ್ಷಣತಜ್ಞ ಕರೆದ ಸಭೆಯಲ್ಲಿ. ನಸುಗತ್ತಲಲ್ಲೂ ಹಳದಿಯ ಮೇಲಿನ ಕಪ್ಪು ಅಕ್ಷರ ಎದ್ದು ಕಾಣುತ್ತದೆ ಎಂಬ ಕಾರಣಕ್ಕೆ. ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ನೆಲೆಸಿದ ಮಗಳ ಮನೆಗೆ ಹೋಗಿ ಬಂದ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಮೊಮ್ಮಗುವನ್ನು ಹತ್ತಿಸಲು ರಸ್ತೆ ತುದಿಗೆ ಹೋದದ್ದು, ಬಸ್ಸು ನಿಂತೊಡನೆ ಎರಡೂ ಕಡೆಯ ಕಾರುಗಳು ಕಟ್ಟಿಹಾಕಿದ ಹಾಗೆ ನಿಂತದ್ದು, ಇದನ್ನು ಹೇಳದವರಿಲ್ಲ.

ಈ ಬಸ್ಸುಗಳಲ್ಲಿ ಬಹುಪಾಲು ಓಡುವುದು ಡೀಸೆಲ್ಲಿನಲ್ಲಿ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಪಟ್ಟಿ ಮಾಡಿತು. ಮಕ್ಕಳು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ, ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಜೊತೆಗೆ ಶಾಲಾ ಬಸ್ಸಿನ ಕೆಲಸವೇ ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು. ಬಾಗಿಲು ತೆರೆದಾಗಲೆಲ್ಲ ಅದರದೇ ಹೊಗೆ ಅದರ ಒಳಕ್ಕೇ ಬರುತ್ತದೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಸಾಲಾಗಿ ನಿಂತ ಬಸ್ಸುಗಳು ಎಂಜಿನ್ ಆಫ್ ಮಾಡದಿದ್ದರಂತೂ ಕೇಳುವುದೇ ಬೇಡ.

2021ರ ನವೆಂಬರಿನಲ್ಲಿ ಸಹಿ ಬಿದ್ದ ಮೂಲಸೌಕರ್ಯ ಕಾಯ್ದೆಯಲ್ಲಿ ಅಮೆರಿಕದ ಸಂಸತ್ತು ಇದಕ್ಕೆಂದು ಐದು ವರ್ಷಕ್ಕೆ 500 ಕೋಟಿ ಡಾಲರ್ ತೆಗೆದಿಟ್ಟಿತು. 2022ರ ಮೊದಲ ಸುತ್ತಿಗೆ ಇಟ್ಟದ್ದು 50 ಕೋಟಿ. ಬಂದ ಅರ್ಜಿಗಳು ಕೇಳಿದ್ದು ಹತ್ತಿರ ಹತ್ತಿರ 400 ಕೋಟಿ. ಇಪಿಎ ಮೊತ್ತವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿ, ಲಾಟರಿ ಎತ್ತಿ, ಸುಮಾರು 2,400 ಬಸ್ಸುಗಳಿಗೆ ಮಂಜೂರಾತಿ ಕೊಟ್ಟಿತು. ಅವುಗಳಲ್ಲಿ ನೂರಕ್ಕೆ 95 ಎಲೆಕ್ಟ್ರಿಕ್. ಬಡ ಪ್ರದೇಶ, ಹಳ್ಳಿಗಾಡು, ಆದಿವಾಸಿ ಸಮುದಾಯಗಳ ಶಾಲೆಗಳಿಗೆ ಆದ್ಯತೆ; ಅಂಥವಕ್ಕೆ ದೊಡ್ಡ ಬಸ್ಸೊಂದಕ್ಕೆ 3.75 ಲಕ್ಷ ಡಾಲರ್‌ವರೆಗೆ, ಚಾರ್ಜರಿಗೆಂದು ಮೇಲೆ 20 ಸಾವಿರ ಡಾಲರ್. ಹೊಸ ಡೀಸೆಲ್ ಬಸ್ಸಿಗೂ ಎಲೆಕ್ಟ್ರಿಕ್ ಬಸ್ಸಿಗೂ ನಡುವಿನ ಅಂತರವನ್ನು ಮಾತ್ರವಲ್ಲ, ಬಸ್ಸಿನ ಪೂರ್ತಿ ಬೆಲೆಯನ್ನೇ ಸರ್ಕಾರ ಕೊಟ್ಟಂತೆ.

ಇಷ್ಟು ಕೈಬಿಚ್ಚಿ ಕೊಡುವ ಅಗತ್ಯವಿತ್ತೇ? ಲೆಕ್ಕ ಹಾಕಿ ನೋಡೋಣ.

ಶಾಲಾ ಬಸ್ಸು ವಿದ್ಯುತ್ತಿಗೆ ಹೇಳಿ ಮಾಡಿಸಿದ ವಾಹನ ಎಂದು ಎಲ್ಲರೂ ಬರೆಯುತ್ತಾರೆ. ನಿಜವೂ ಹೌದು. ದಾರಿ ಗೊತ್ತಿರುವುದು, ದೂರ ಕಡಿಮೆ, ಬೆಳಿಗ್ಗೆ ಒಂದು ಟ್ರಿಪ್, ಮಧ್ಯಾಹ್ನ ಒಂದು ಟ್ರಿಪ್, ನಡುವೆ ಐದು ತಾಸು ಬಿಡುವು, ರಾತ್ರಿಯಿಡೀ ಬಿಡುವು, ಬೇಸಿಗೆಯಲ್ಲಿ ಎರಡು ತಿಂಗಳು ಪೂರ್ತಿ ಬಿಡುವು. ಬ್ಯಾಟರಿ ಚಾರ್ಜಿಗೆ ಇದಕ್ಕಿಂತ ಅನುಕೂಲ ಬೇರೆ ವಾಹನಕ್ಕಿಲ್ಲ. ಆದರೆ ಅದೇ ಕಡಿಮೆ ಓಡಾಟ ಹಣದ ಲೆಕ್ಕದಲ್ಲಿ ತಿರುಗಿ ನಿಲ್ಲುತ್ತದೆ. ಅಲ್ಲಿನ ಶಾಲಾ ಬಸ್ಸು ವರ್ಷಕ್ಕೆ 12 ಸಾವಿರ ಮೈಲಿ ಓಡುತ್ತದೆ, ಗ್ಯಾಲನ್ನಿಗೆ ಆರು ಮೈಲಿ ಕೊಡುತ್ತದೆ ಎಂದುಕೊಳ್ಳಿ. ಗ್ಯಾಲನ್ನಿಗೆ ನಾಲ್ಕು ಡಾಲರಿನಂತೆ ಡೀಸೆಲ್ ಖರ್ಚು ವರ್ಷಕ್ಕೆ 8 ಸಾವಿರ ಡಾಲರ್. ವಿದ್ಯುತ್ತಿಗೆ ಮೂರು ಸಾವಿರ ಹೋದರೂ ಉಳಿದದ್ದು ಐದು ಸಾವಿರ. ಆಯಿಲ್, ಫಿಲ್ಟರ್, ಬ್ರೇಕ್ ಲೈನಿಂಗಿನ ಖರ್ಚು ಕಡಿಮೆಯಾಗುವುದನ್ನು ಸೇರಿಸಿ ಏಳೋ ಎಂಟೋ ಸಾವಿರ ಅನ್ನಿ. ಬಸ್ಸಿನ ಬೆಲೆಯ ವ್ಯತ್ಯಾಸವೋ ಎರಡು ಲಕ್ಷ ಡಾಲರಿನ ಮೇಲಿದೆ. ಹನ್ನೆರಡು ಹದಿನೈದು ವರ್ಷದ ಆಯುಷ್ಯದಲ್ಲಿ ಅದು ತೀರುವುದಿಲ್ಲ. ದಿನಕ್ಕೆ 200 ಕಿಲೋಮೀಟರ್ ಓಡುವ ನಗರ ಸಾರಿಗೆ ಬಸ್ಸು ತನ್ನ ಬ್ಯಾಟರಿಯ ಸಾಲವನ್ನು ತಾನೇ ತೀರಿಸಬಲ್ಲದು. ಶಾಲಾ ಬಸ್ಸು ದಿನದ ಹೆಚ್ಚು ಹೊತ್ತು ಸುಮ್ಮನೆ ನಿಂತು ಅನ್ನ ತಿನ್ನುವ ಎತ್ತು.

ಆದ್ದರಿಂದ ಬ್ಯಾಟರಿ ಅಗ್ಗವಾಗುವ ತನಕ ಈ ಬದಲಾವಣೆ ಮಾರುಕಟ್ಟೆಯ ಪಾಡಿಗೆ ಆಗುವಂಥದ್ದಲ್ಲ. ಯಾರಾದರೂ ಖರ್ಚು ಹೊರಬೇಕು. ಹೊರಲು ಇರುವ ಸಮರ್ಥನೆ ಒಂದೇ, ಮಕ್ಕಳ ಆರೋಗ್ಯ. ಅದಕ್ಕೆ ಪುರಾವೆ ಇದೆಯೇ ಎಂದರೆ, ಇದೆ. ಜಾರ್ಜಿಯಾ ರಾಜ್ಯದಲ್ಲಿ ಹಳೆಯ ಶಾಲಾ ಬಸ್ಸುಗಳಿಗೆ ಹೊಗೆ ತಡೆಯುವ ಸಾಧನ ಕೂಡಿಸಿದ ಊರುಗಳನ್ನು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಮಕ್ಕಳ ದೈಹಿಕ ಸಾಮರ್ಥ್ಯ ಸುಧಾರಿಸಿತ್ತು, ಇಂಗ್ಲಿಷ್ ಪರೀಕ್ಷೆಯ ಅಂಕಗಳೂ ಏರಿದ್ದವು. 2019ರಲ್ಲಿ ಅದು ಪ್ರಕಟವಾಯಿತು. ಮಿಷಿಗನ್ ವಿಶ್ವವಿದ್ಯಾಲಯದವರು ಇನ್ನೂ ಜಾಣ ದಾರಿ ಹಿಡಿದರು. ಈಗಿನ ಯೋಜನೆಗೂ ಮೊದಲು ಇಪಿಎ ಹಳೆಯ ಬಸ್ ಬದಲಿಸಲು ಸಣ್ಣ ಪ್ರಮಾಣದಲ್ಲಿ ಹಣ ಕೊಡುತ್ತಿತ್ತು, ಅದೂ ಲಾಟರಿಯಿಂದಲೇ. ಲಾಟರಿ ಹೊಡೆದ ಶಾಲೆಗಳು ಒಂದು ಕಡೆ, ಹೊಡೆಯದವು ಇನ್ನೊಂದು ಕಡೆ. ಔಷಧ ಪರೀಕ್ಷೆಗೆ ಮಾಡುವ ಎರಡು ಗುಂಪುಗಳು ತಾವಾಗಿಯೇ ಸಿದ್ಧವಾಗಿದ್ದವು. ಹೋಲಿಸಿದಾಗ ಬಸ್ ಬದಲಾದ ಕಡೆ ಮಕ್ಕಳ ಹಾಜರಾತಿ ಹೆಚ್ಚಿತ್ತು. ತೀರಾ ಹಳೆಯ ಬಸ್ಸುಗಳನ್ನು ತೆಗೆದುಹಾಕಿದ ಕಡೆ ಪರಿಣಾಮ ಎದ್ದು ಕಂಡಿತು.

ಇಲ್ಲಿ ಎಲೆಕ್ಟ್ರಿಕ್ ಪರವಾದಿಗಳು ಮೆಲ್ಲಗೆ ದಾಟಿ ಹೋಗುವ ಮಾತೊಂದಿದೆ. ಆ ಎರಡೂ ಅಧ್ಯಯನಗಳು ಎಲೆಕ್ಟ್ರಿಕ್ ಬಸ್ಸಿನವಲ್ಲ. ಒಂದರಲ್ಲಿ ಹಳೆಯ ಬಸ್ಸಿಗೇ ಫಿಲ್ಟರ್ ಹಾಕಿದ್ದು, ಇನ್ನೊಂದರಲ್ಲಿ ಬಂದ ಹೊಸ ಬಸ್ಸುಗಳು ಬಹುಮಟ್ಟಿಗೆ ಹೊಸ ಡೀಸೆಲ್. ಅಂದರೆ ಮಗುವಿನ ಎದೆಗೆ ಆದ ಲಾಭದಲ್ಲಿ ದೊಡ್ಡ ಪಾಲು ಬಂದದ್ದು ಹಳೆಯ ಎಂಜಿನ್ ಹೋದದ್ದರಿಂದ. ಅದಕ್ಕೇ ಆ ಮೂರಿಂಚಿನ ತೂತಿನ ಮಾತು ಮೊದಲೇ ಎತ್ತಿದ್ದು. ಎಲೆಕ್ಟ್ರಿಕ್ ಬಸ್ಸಿನಿಂದ ಉಳಿದ ಹೊಗೆಯೂ ಹೋಗುತ್ತದೆ, ಹವಾಮಾನಕ್ಕೂ ಒಳ್ಳೆಯದು, ಗದ್ದಲವೂ ಇಲ್ಲ. ಆದರೆ 2015ರ ಬಸ್ಸನ್ನು ತೆಗೆದು ಎಲೆಕ್ಟ್ರಿಕ್ ತಂದು, 2003ರ ಬಸ್ಸನ್ನು ಹಾಗೇ ಓಡಿಸುವ ನೀತಿಗೆ ಕೊಟ್ಟ ಕಾಸು ಅರ್ಧ ವ್ಯರ್ಥ.

ದುಡ್ಡು ಸಿಕ್ಕ ಶಾಲೆಗಳಿಗೆ ಎದುರಾದ ಮುಂದಿನ ತೊಡಕು ಬಸ್ಸಿನದಲ್ಲ, ಕರೆಂಟಿನದು. ನಾಲ್ಕು ಬಸ್ಸುಗಳನ್ನು ರಾತ್ರಿ ನಿಧಾನಕ್ಕೆ ಚಾರ್ಜ್ ಮಾಡಲು ಇರುವ ಸಂಪರ್ಕವೇ ಸಾಕಾಗಬಹುದು. ನಲವತ್ತು ಬಸ್ಸು ನಿಲ್ಲುವ ಅಂಗಳಕ್ಕೆ ಹೊಸ ಟ್ರಾನ್ಸ್‌ಫಾರ್ಮರ್ ಬೇಕು, ನೆಲ ಅಗೆದು ಕೇಬಲ್ ಹಾಕಬೇಕು, ವಿದ್ಯುತ್ ಕಂಪನಿಯ ಸಮೀಕ್ಷೆ, ಅಂದಾಜು ಪಟ್ಟಿ, ಸರದಿ. ಬಸ್ಸಿಗೆ ಆರ್ಡರ್ ಕೊಟ್ಟ ದಿನವೇ ಇದಕ್ಕೂ ಅರ್ಜಿ ಹಾಕಿದವರು ಬಚಾವಾದರು. ಬಸ್ಸು ಬಂದ ಮೇಲೆ ನೋಡೋಣ ಎಂದವರ ಅಂಗಳದಲ್ಲಿ ಹೊಳೆಯುವ ಹೊಸ ಬಸ್ಸುಗಳು ಚಾರ್ಜರಿಲ್ಲದೆ ತಿಂಗಳುಗಟ್ಟಲೆ ನಿಂತವು. ಸಣ್ಣ ಊರಿನ ಶಾಲಾ ಮಂಡಳಿಯ ಸಾರಿಗೆ ಮೇಲ್ವಿಚಾರಕ ಜೀವಮಾನವೆಲ್ಲ ಟೈರು, ಡ್ರೈವರ್ ರಜೆ, ಹಿಮ ಬಿದ್ದ ರಸ್ತೆ ಇವನ್ನು ನೋಡಿಕೊಂಡು ಬಂದವನು. ಅವನಿಗೆ ಹೈಟೆನ್ಶನ್ ಸಂಪರ್ಕದ ಕಡತ ಹಿಡಿದು ಓಡಾಡು ಎಂದರೆ ಹೇಗೆ?

ಆ ತಲೆನೋವನ್ನು ಬೇರೆಯವರಿಗೆ ವಹಿಸುವ ದಾರಿಯೂ ಇದೆ. ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿ 2021ರಲ್ಲಿ ಹೈಲ್ಯಾಂಡ್ ಎಂಬ ಕಂಪನಿಯೊಂದಿಗೆ 326 ಬಸ್ಸುಗಳ ಒಪ್ಪಂದ ಮಾಡಿಕೊಂಡಿತು. ಬಸ್ಸು, ಚಾರ್ಜರು, ಕರೆಂಟು ಎಲ್ಲ ಕಂಪನಿಯದು. ಶಾಲಾ ಮಂಡಳಿ ಕೊಡುವುದು ವರ್ಷಕ್ಕಿಷ್ಟು ಎಂದು ಶುಲ್ಕ. ಕಾಗದದಲ್ಲಿ ಚೆಂದವಾಗಿಯೇ ಇತ್ತು. ಬಸ್ಸುಗಳು ಹೇಳಿದ ಕಾಲಕ್ಕೆ ಬರಲಿಲ್ಲ, ಬಂದವು ಕೆಟ್ಟಾಗ ಹೇಳಿದ ಕಾಲಕ್ಕೆ ರಿಪೇರಿಯಾಗಲಿಲ್ಲ. ಅಷ್ಟರಲ್ಲಿ ಮಕ್ಕಳನ್ನು ಕರೆತರಬೇಕಲ್ಲ, ಮಂಡಳಿ 90 ಹೊಸ ಡೀಸೆಲ್ ಬಸ್ಸು ಕೊಂಡಿತು. ವಿಳಂಬಕ್ಕೆ ಕಂಪನಿಯಿಂದ ವಸೂಲು ಮಾಡಬೇಕಿದ್ದ ದಂಡವನ್ನು ವಸೂಲು ಮಾಡಲಿಲ್ಲ ಎಂದು 2024ರಲ್ಲಿ ಕೌಂಟಿಯ ಇನ್‌ಸ್ಪೆಕ್ಟರ್ ಜನರಲ್ ವರದಿ ಬರೆದರು. ಒಪ್ಪಂದದಲ್ಲಿ ದಂಡದ ಕಲಮು ಇದ್ದೂ ಅದನ್ನು ಯಾರೂ ಬಳಸದಿರುವುದು ನಮ್ಮ ಊರಿನ ರಸ್ತೆ ಗುತ್ತಿಗೆಗಳನ್ನು ನೋಡಿದವರಿಗೆ ಹೊಸದಾಗಿ ಕಾಣಲಿಕ್ಕಿಲ್ಲ.

ತಯಾರಕರ ಕಡೆಯಿಂದಲೂ ಪೆಟ್ಟು ಬಿತ್ತು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಯನ್ ಎಲೆಕ್ಟ್ರಿಕ್ ಕಂಪನಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. 2024ರ ಡಿಸೆಂಬರಿನಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಮರುವರ್ಷ ಕ್ವಿಬೆಕ್ಕಿನ ಹೂಡಿಕೆದಾರರು ಅದನ್ನು ಕೊಂಡರು, ಆದರೆ ಅಮೆರಿಕದ ಶಾಲೆಗಳು ಕೊಂಡಿದ್ದ ಬಸ್ಸುಗಳ ವಾರಂಟಿ ಮುಳುಗಿತು. ಸರ್ಕಾರದ ಸಬ್ಸಿಡಿ ಬಸ್ಸು ಬಂದ ದಿನಕ್ಕೆ ಮುಗಿಯುತ್ತದೆ, ಬಸ್ಸಿನ ಬಾಳು ಅಲ್ಲಿಂದ ಶುರುವಾಗುತ್ತದೆ. ಎಂಟನೇ ವರ್ಷ ಬ್ಯಾಟರಿ ಕೈಕೊಟ್ಟರೆ ಯಾರನ್ನು ಕೇಳಬೇಕು ಎಂಬುದು ಅರ್ಜಿ ನಮೂನೆಯ ಯಾವ ಕಾಲಮಿನಲ್ಲೂ ಇರಲಿಲ್ಲ.

ಕೇಂದ್ರ ದುಡ್ಡಿನಿಂದ ಓಲೈಸಿದರೆ, ನ್ಯೂಯಾರ್ಕ್ ರಾಜ್ಯ ಕಾನೂನನ್ನೇ ಮಾಡಿತು. 2022ರ ಬಜೆಟ್ಟಿನ ಜೊತೆ ಅಂಗೀಕಾರವಾದ ಆ ಕಾನೂನಿನಂತೆ 2027ರ ಜುಲೈನಿಂದ ಶಾಲೆಗಳು ಕೊಳ್ಳುವ ಪ್ರತಿ ಹೊಸ ಬಸ್ಸೂ ಹೊಗೆರಹಿತವಾಗಿರಬೇಕು, 2035ರ ಹೊತ್ತಿಗೆ ಓಡುವ ಎಲ್ಲ ಬಸ್ಸುಗಳೂ. 2022ರ ನವೆಂಬರಿನಲ್ಲೇ ರಾಜ್ಯದ ಮತದಾರರು ಒಪ್ಪಿದ ಪರಿಸರ ಬಾಂಡಿನಲ್ಲಿ 50 ಕೋಟಿ ಡಾಲರ್ ಈ ಬಸ್ಸುಗಳಿಗೆ ಮೀಸಲು. ಕೇಳಲು ದೊಡ್ಡ ಮೊತ್ತವೇ. ಆದರೆ ರಾಜ್ಯದಲ್ಲಿರುವ ಶಾಲಾ ಬಸ್ಸುಗಳು 45 ಸಾವಿರದ ಆಸುಪಾಸು; ಹಂಚಿದರೆ ಬಸ್ಸಿಗೆ ಬರುವುದು ಹನ್ನೊಂದು ಸಾವಿರ ಡಾಲರ್.

ಅಲ್ಲಿನ ಇನ್ನೊಂದು ಪದ್ಧತಿ ನಮಗೆ ವಿಚಿತ್ರವೆನಿಸುತ್ತದೆ. ಬಹಳಷ್ಟು ಊರುಗಳಲ್ಲಿ ಶಾಲೆ ಬಸ್ಸು ಕೊಳ್ಳಬೇಕೋ ಬೇಡವೋ ಎಂಬುದನ್ನು ಪ್ರತಿ ಮೇ ತಿಂಗಳಲ್ಲಿ ಊರಿನ ಮತದಾರರು ವೋಟು ಹಾಕಿ ತೀರ್ಮಾನಿಸುತ್ತಾರೆ. (ನಮ್ಮಲ್ಲಿ ‘ವಾಹನ ಶುಲ್ಕ ಪರಿಷ್ಕರಿಸಲಾಗಿದೆ’ ಎಂಬ ಒಂದು ಸುತ್ತೋಲೆ ಡೈರಿಯಲ್ಲಿ ಅಂಟಿಸಿಕೊಂಡು ಬಂದರೆ ಮುಗಿಯಿತು.) ಹಲವು ಊರುಗಳು ಎಲೆಕ್ಟ್ರಿಕ್ ಬಸ್ಸಿನ ಪ್ರಸ್ತಾಪವನ್ನು ತಿರಸ್ಕರಿಸಿದವು. ಅವರನ್ನು ಪರಿಸರದ ಕಾಳಜಿ ಇಲ್ಲದವರು ಎಂದುಬಿಡುವುದು ಸುಲಭ. ರಾಜ್ಯದ ಉತ್ತರ ಭಾಗದಲ್ಲಿ ಚಳಿಗಾಲದ ಬೆಳಿಗ್ಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ಒಳಗೆ ಮಕ್ಕಳನ್ನು ಬೆಚ್ಚಗಿಡಲು ಹೀಟರು ಬ್ಯಾಟರಿಯನ್ನೇ ಹೀರಬೇಕು, ಬಸ್ಸು ಓಡುವ ದೂರ ಕುಸಿಯುತ್ತದೆ. ತಂಪು ಸೀಮೆಯ ಕೆಲವು ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಹೀಟರಿಗೆಂದೇ ಸಣ್ಣ ಡೀಸೆಲ್ ಬರ್ನರ್ ಇಡುವುದುಂಟು, ಮಡಿ ಉಟ್ಟು ಮೀನು ಕೊಯ್ದ ಹಾಗೆ. ಕಷ್ಟ ತೋರಿಸಿದ ಮಂಡಳಿಗಳಿಗೆ 24 ತಿಂಗಳ ಗಡುವು ವಿಸ್ತರಣೆ ಕೊಡಲು ಕಾನೂನಿನಲ್ಲೇ ಅವಕಾಶವಿದೆ. ಗಡುವನ್ನು ಮುಂದಕ್ಕೆ ಹಾಕುವುದಕ್ಕಿಂತ, ಬಿಸಿ ನಾಡು ತಂಪು ನಾಡು, ನಗರ ಹಳ್ಳಿ ಎಂದು ಬೇರೆ ಬೇರೆ ಗಡುವನ್ನು ಮೊದಲೇ ಬರೆದಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ಚೆನ್ನಾಗಿ ನಡೆದದ್ದೂ ಇದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ 2024ರಲ್ಲಿ ತನ್ನ 74 ಶಾಲಾ ಬಸ್ಸುಗಳನ್ನೂ ಎಲೆಕ್ಟ್ರಿಕ್ ಮಾಡಿಕೊಂಡಿತು. ನಡೆಸುವುದು ಭಾರತ ಮೂಲದ ರಿತು ನಾರಾಯಣ್ ಕಟ್ಟಿದ ಜೂಮ್ ಎಂಬ ಕಂಪನಿ. ಅಲ್ಲಿಯ ವಿಶೇಷವೆಂದರೆ ಬಸ್ಸುಗಳು ಸಂಜೆ ಹೆಚ್ಚು ಬೇಡಿಕೆಯ ಹೊತ್ತಿನಲ್ಲಿ ತಮ್ಮ ಬ್ಯಾಟರಿಯ ವಿದ್ಯುತ್ತನ್ನು ತಿರುಗಿ ಜಾಲಕ್ಕೆ ಕೊಡುತ್ತವೆ. ಆಗಲೇ ಹೇಳಿದ ನಿಷ್ಕ್ರಿಯ ಗಂಟೆಗಳು ಇಲ್ಲಿ ಸಂಪಾದನೆಯಾಗುತ್ತವೆ. ಸೆಕೆ ಹೆಚ್ಚಿ ಮನೆಮನೆಯಲ್ಲೂ ಏಸಿ ಓಡುವ ಬೇಸಿಗೆಯಲ್ಲಿ ಶಾಲೆಗೆ ರಜೆ, ಬಸ್ಸಿನ ಬ್ಯಾಟರಿಗೆ ಕೆಲಸ. ಶಾಲಾ ಬಸ್ಸಿನ ಲೆಕ್ಕ ಎಂದಾದರೂ ಸರಿಹೋಗುವುದಾದರೆ ಇದರಿಂದಲೇ ಎಂದು ನನಗನ್ನಿಸುತ್ತದೆ. ಆದರೆ ಅದಕ್ಕೆ ವಿದ್ಯುತ್ ಕಂಪನಿ ದರ ನಿಗದಿಮಾಡಬೇಕು, ಎರಡೂ ದಿಕ್ಕಿನ ಚಾರ್ಜರು ಬೇಕು. ಕ್ಯಾಲಿಫೋರ್ನಿಯಾದಂಥ ಕಡೆ ಸಾಧ್ಯವಾದದ್ದು ಎಲ್ಲೆಡೆ ಇಲ್ಲ.

2025ರ ಜನವರಿಯಲ್ಲಿ ಅಧಿಕಾರ ಬದಲಾಯಿತು. ಹೊಸ ಅಧ್ಯಕ್ಷರ ಮೊದಲ ದಿನದ ಆದೇಶದಿಂದಲೇ ಹಣ ಬಿಡುಗಡೆ ನಿಂತಿತು. ಬಸ್ಸಿಗೆ ಆರ್ಡರ್ ಕೊಟ್ಟು ಕೂತಿದ್ದ ಮಂಡಳಿಗಳು ಕಂಗಾಲಾದವು. 2024ರ ಸುತ್ತಿಗೆ ಅರ್ಜಿ ಹಾಕಿದವರು ಉತ್ತರವಿಲ್ಲದೆ ತಿಂಗಳುಗಟ್ಟಲೆ ಕಾದರು. ಬಸ್ಸೊಂದಕ್ಕೆ 40 ಸಾವಿರ ಡಾಲರ್‌ವರೆಗೆ ಸಿಗುತ್ತಿದ್ದ ತೆರಿಗೆ ರಿಯಾಯಿತಿ ಆ ವರ್ಷದ ಸೆಪ್ಟೆಂಬರ್ 30ಕ್ಕೆ ಕೊನೆಯಾಯಿತು. ನ್ಯೂಯಾರ್ಕಿನ ಕಾನೂನು ಮಾತ್ರ ಆಗಲೂ ಹಾಗೇ ನಿಂತಿತ್ತು, ಕಡ್ಡಾಯ ಉಳಿದು ಕಾಸು ಹೋದಂತೆ.

ಕಡ್ಡಾಯವೂ ಇಲ್ಲದ, ಕಾಸೂ ಇಲ್ಲದ ಗುರಿ ನೋಡಬೇಕಾದರೆ ಕರ್ನಾಟಕಕ್ಕೆ ಬರಬೇಕು. 2017ರಲ್ಲಿ ದೇಶದಲ್ಲೇ ಮೊದಲೆಂದು ಹೆಮ್ಮೆಯಿಂದ ಹೊರತಂದ ನಮ್ಮ ಎಲೆಕ್ಟ್ರಿಕ್ ವಾಹನ ನೀತಿಯಲ್ಲಿ, 2030ರ ಹೊತ್ತಿಗೆ ನೂರಕ್ಕೆ ನೂರು ವಿದ್ಯುತ್ತಿಗೆ ಬದಲಾಗಬೇಕಾದ ವಾಹನಗಳ ಪಟ್ಟಿಯಿದೆ. ಆಟೊ, ಕ್ಯಾಬ್ ಕಂಪನಿಗಳ ಕಾರು, ಕಾರ್ಪೊರೇಟ್ ವಾಹನ, ಅವುಗಳ ಜೊತೆಗೆ ಶಾಲಾ ಬಸ್ ಮತ್ತು ವ್ಯಾನ್. ಆ ಸಾಲು ಅಲ್ಲಿರುವುದು ಎಷ್ಟು ಶಾಲೆಗಳ ಆಡಳಿತ ಮಂಡಳಿಗೆ ಗೊತ್ತು? 2025ರಲ್ಲಿ ಬಂದ ಹೊಸ ಕ್ಲೀನ್ ಮೊಬಿಲಿಟಿ ನೀತಿಯ ಒತ್ತು 50 ಸಾವಿರ ಕೋಟಿ ಬಂಡವಾಳ, ಒಂದು ಲಕ್ಷ ಉದ್ಯೋಗ. ಅಂದರೆ ವಾಹನ ತಯಾರಿಸುವವರ ಮೇಲೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ಬಸ್ಸು ಹಂಚಿಕೆಯಾಗಿದೆ, ಅಷ್ಟೂ ಸಾರ್ವಜನಿಕ ಸಾರಿಗೆಗೆ. ಖಾಸಗಿ ಶಾಲೆಯ ಬಸ್ಸು ಅದರ ವ್ಯಾಪ್ತಿಗೆ ಬರುವುದಿಲ್ಲ.

ಅದನ್ನು ತಪ್ಪೆನ್ನಲಾರೆ. ಇಲ್ಲೂ ಅದೇ ಲೆಕ್ಕ. ನಮ್ಮ ಶಾಲಾ ಬಸ್ಸು ದಿನಕ್ಕೆ 60 ಕಿಲೋಮೀಟರಿನಂತೆ ವರ್ಷಕ್ಕೆ 220 ದಿನ ಓಡಿದರೆ 13 ಸಾವಿರ ಕಿಲೋಮೀಟರ್. ಲೀಟರಿಗೆ ಐದು ಕಿಲೋಮೀಟರ್, ಡೀಸೆಲ್ 90 ರೂಪಾಯಿ ಎಂದರೆ ವರ್ಷಕ್ಕೆ ಎರಡೂ ಕಾಲು ಲಕ್ಷದ ಸುಮಾರು. ಬಿಎಂಟಿಸಿ ಬಸ್ಸು ಅದರ ಐದು ಪಟ್ಟು ಓಡುತ್ತದೆ. ಒಂದು ಬ್ಯಾಟರಿಗೆ ಕೊಡುವ ಸಬ್ಸಿಡಿ ಎಲ್ಲಿ ಹೆಚ್ಚು ಡೀಸೆಲ್ ಉಳಿಸುತ್ತದೆ ಎಂದು ಕೇಳಿದರೆ ಉತ್ತರ ಬಿಎಂಟಿಸಿಯೇ. ಮೇಲಾಗಿ ನಮ್ಮ ಸರ್ಕಾರಿ ಶಾಲೆ, ಪಿಯು ಕಾಲೇಜಿನ ಮಕ್ಕಳಿಗೆ ಶಾಲಾ ಬಸ್ಸು ಎಂದರೆ ಸಾರಿಗೆ ನಿಗಮದ ಕೆಂಪು ಬಸ್ಸು. ಹುಡುಗರಿಗೆ ಪಾಸು, ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ. ಬೆಳಿಗ್ಗೆ ಎಂಟೂವರೆಗೆ ತಾಲ್ಲೂಕು ಕೇಂದ್ರದ ಕಡೆ ಬರುವ ಯಾವ ಬಸ್ಸನ್ನಾದರೂ ನೋಡಿ, ಫುಟ್‌ಬೋರ್ಡಿನವರೆಗೂ ಯೂನಿಫಾರ್ಮು. ಆ ಬಸ್ಸು ಬದಲಾದರೆ ಬಡವರ ಮಕ್ಕಳ ಶಾಲಾ ಬಸ್ಸು ಬದಲಾದಂತೆ.

ಖಾಸಗಿ ಶಾಲೆಗಳ ಮಟ್ಟಿಗೆ ಸರ್ಕಾರ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದದ್ದು ಬೇರೆ ಇದೆ. ಬಿಎಂಟಿಸಿ ತನ್ನ ಎಲೆಕ್ಟ್ರಿಕ್ ಬಸ್ಸುಗಳನ್ನು ಕೊಂಡದ್ದಲ್ಲ. ಬಸ್ಸು, ಡ್ರೈವರು ಕಂಪನಿಯವರದು, ನಿಗಮ ಕಿಲೋಮೀಟರಿಗೆ ಇಷ್ಟು ಎಂದು ಕೊಡುತ್ತದೆ. ಶಾಲೆಗೆ ಕಿಲೋಮೀಟರ್ ಲೆಕ್ಕ ಹೊಂದುವುದಿಲ್ಲ, ಓಡಾಟ ಕಡಿಮೆ, ಯಾವ ಕಂಪನಿಯೂ ಬರುವುದಿಲ್ಲ. ತಿಂಗಳ ಬಾಡಿಗೆಯಾದರೆ, ಹತ್ತಿಪ್ಪತ್ತು ಶಾಲೆಗಳು ಸೇರಿ ಒಟ್ಟಿಗೆ ಟೆಂಡರ್ ಕರೆದರೆ ಬರಬಹುದು. ಶಾಲೆಯ ಅಂಗಳಕ್ಕೆ ಹೊಸ ಲೋಡ್ ಮಂಜೂರು ಮಾಡುವಾಗ ಬೆಸ್ಕಾಂ, ಹೆಸ್ಕಾಂ ಕೇಳುವ ಠೇವಣಿ, ಟ್ರಾನ್ಸ್‌ಫಾರ್ಮರ್ ಖರ್ಚು ಇವುಗಳಲ್ಲಿ ರಿಯಾಯಿತಿ ಕೊಡಬಹುದು. ಎಲ್ಲಕ್ಕಿಂತ ಮೊದಲು, ಹನ್ನೆರಡು ವರ್ಷ ದಾಟಿದ ಶಾಲಾ ವಾಹನಗಳನ್ನು ಆರ್‌ಟಿಒ ಕಚೇರಿಯ ದಾಖಲೆಯಲ್ಲೇ ಎಣಿಸಿ, ಎಫ್‌ಸಿಗೆ ಬಂದಾಗ ಹೊಗೆಯನ್ನು ನಿಜವಾಗಿ ಅಳೆದು, ಫೇಲಾದದ್ದನ್ನು ಗುಜರಿ ಕೇಂದ್ರಕ್ಕೆ ಕಳಿಸಬಹುದು. ಅದರ ಬದಲಿಗೆ ಬರುವುದು ಸಿಎನ್‌ಜಿಯೋ, ಹೊಸ ಬಿಎಸ್-6 ಡೀಸೆಲ್ಲೋ, ಎಲೆಕ್ಟ್ರಿಕ್ಕೋ ಎಂಬುದು ಆಮೇಲಿನ ಮಾತು. ಹತ್ತು ಹನ್ನೆರಡು ಮಕ್ಕಳನ್ನು ಒತ್ತಿ ತುಂಬುವ ಹಳೆಯ ಓಮ್ನಿಗಳ ವಿಷಯದಲ್ಲಂತೂ ಸಣ್ಣ ಎಲೆಕ್ಟ್ರಿಕ್ ವ್ಯಾನಿನ ಲೆಕ್ಕ ದೊಡ್ಡ ಬಸ್ಸಿಗಿಂತ ಬೇಗ ಕೂಡಿಬರುತ್ತದೆ, ಮಾಲೀಕನಿಗೆ ಬ್ಯಾಂಕ್ ಸಾಲ ಸಿಕ್ಕರೆ.

2030ಕ್ಕೆ ಉಳಿದಿರುವುದು ಕೆಲವೇ ಶೈಕ್ಷಣಿಕ ವರ್ಷಗಳು. ಈ ಜೂನ್‌ನಲ್ಲಿ ನೋಂದಣಿಯಾಗುವ ಡೀಸೆಲ್ ಶಾಲಾ ಬಸ್ಸಿಗೆ ಹದಿನೈದು ವರ್ಷದ ಆಯುಷ್ಯವಿದೆ.